‘ಫ್ಲೋರಾ’ ಎಂದರೆ ಹೂವೇ, ಹಸಿರೇ, ಪಟ್ಟಿಯೇ?

ಪ್ರಶ್ನೆ: ನಾನು ಪದವಿ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ವಿದ್ಯಾರ್ಥಿಗಳೊಂದಿಗೆ ಸೇರಿ, ಕಳೆದ ಮಳೆಗಾಲದಲ್ಲಿ ಕಾಲೇಜು ಆವರಣದ ಗಿಡಮರಗಳನ್ನೆಲ್ಲ ಗುರುತಿಸಿ ವರದಿಯೊಂದನ್ನು ಸಿದ್ಧಪಡಿಸಿದ್ದೇವೆ. ಅದಕ್ಕೆ ಇಂಗ್ಲಿಷಿನಲ್ಲಿ ‘ಫ್ಲೋರಾ ಆಫ್ ದಿ ಕ್ಯಾಂಪಸ್’ ಎಂದು ಹೆಸರಿಟ್ಟೆವು. ಓದಿದ ಹಿರಿಯರೊಬ್ಬರು “ಇದು ಫ್ಲೋರಾ ಅಲ್ಲ, ವೆಜಿಟೇಶನ್” ಎಂದರು. ಮತ್ತೊಬ್ಬರು “ಫ್ಲೋರಾ ಎಂದರೆ ಹೂ ಬಿಡುವ ಸಸ್ಯಗಳು ಮಾತ್ರ, ಜರೀಗಿಡ, ಹಾವಸೆಗಳನ್ನು ತೆಗೆದುಹಾಕಿ” ಎಂದರು. ನಾವು ಅಣಬೆಗಳನ್ನೂ ಸೇರಿಸಿದ್ದೇವೆ. ಈ ಪದ ಏಕವಚನವೋ ಬಹುವಚನವೋ ಎಂಬ ಚರ್ಚೆಯೂ ನಡೆಯಿತು. ಇದರ ನಡುವೆ ಮನೆಯವರ ಗಂಟಲು ಪರೀಕ್ಷೆಯ ವರದಿಯಲ್ಲಿ ‘ನಾರ್ಮಲ್ ಫ್ಲೋರಾ’ ಎಂದು ಬರೆದಿದ್ದನ್ನು ಕಂಡು ಗೊಂದಲ ಇನ್ನೂ ಹೆಚ್ಚಾಗಿದೆ. ಈ ಪದದ ಅರ್ಥವಾದರೂ ಏನು? ಕನ್ನಡದಲ್ಲಿ ಸಸ್ಯವರ್ಗ ಎನ್ನಬೇಕೇ, ಸಸ್ಯಸಂಪತ್ತು ಎನ್ನಬೇಕೇ? ವರದಿಯ ಹೆಸರನ್ನು ಬದಲಿಸಬೇಕೇ?

ಉತ್ತರ: ಮಕ್ಕಳನ್ನು ಕಟ್ಟಿಕೊಂಡು ಮಳೆಯಲ್ಲಿ ನೆನೆದು ಮಾಡಿದ ಕೆಲಸದ ಮುಖಪುಟದಲ್ಲೇ ತಪ್ಪು ಪದ ಬಂದು ಕುಳಿತಿದೆಯೇ ಎಂಬುದು ನಿಮ್ಮ ಅಳುಕು. ಮೊದಲು ಅದನ್ನು ಬಿಡಿಸುತ್ತೇನೆ. ನಿಮಗೆ ಸಲಹೆ ಕೊಟ್ಟ ಇಬ್ಬರಲ್ಲಿ ಎರಡನೆಯವರು ಹೇಳಿದ್ದು ತಪ್ಪು. ಮೊದಲನೆಯವರು ಎತ್ತಿದ ಪ್ರಶ್ನೆ ಸರಿಯಾದದ್ದು, ಅವರು ಕೊಟ್ಟ ಉತ್ತರ ಮಾತ್ರ ನಿಮ್ಮ ವರದಿಗೆ ಹೊಂದುವುದಿಲ್ಲ. ಇಂತಹ ವರದಿಗಳನ್ನು ಪರಿಶೀಲಿಸುವುದು ನನ್ನ ಕೆಲಸದ ಭಾಗ. ಫ್ಲೋರಾ ಮತ್ತು ವೆಜಿಟೇಶನ್ ಎಂಬ ಎರಡು ಪದಗಳನ್ನು ಒಂದರ ಬದಲಿಗೆ ಇನ್ನೊಂದನ್ನು ಬಳಸಿರುವುದನ್ನು ಅನುಭವಿಗಳ ಬರಹದಲ್ಲೂ ಕಾಣುತ್ತೇನೆ. ಇದು ಬರಿಯ ಭಾಷೆಯ ದೋಷವಲ್ಲ. ಯಾವ ಪದವನ್ನು ಆರಿಸುತ್ತೀರೋ ಅದಕ್ಕೆ ತಕ್ಕ ಕೆಲಸವನ್ನು ಮಾಡಿದ್ದೇವೆ ಎಂದು ಓದುಗರಿಗೆ ಮಾತು ಕೊಟ್ಟ ಹಾಗೆ.

ಒಂದು ಪ್ರದೇಶದಲ್ಲಿ ಯಾವ ಯಾವ ಪ್ರಭೇದದ ಸಸ್ಯಗಳಿವೆ ಎಂಬುದು ಅಲ್ಲಿಯ ಫ್ಲೋರಾ. ಆ ಸಸ್ಯಗಳು ನೆಲವನ್ನು ಹೇಗೆ ಆವರಿಸಿಕೊಂಡಿವೆ, ಎಷ್ಟು ಎತ್ತರಕ್ಕೆ, ಎಷ್ಟು ಒತ್ತಾಗಿ ಬೆಳೆದಿವೆ, ಯಾವುದರ ಕೈ ಮೇಲಾಗಿದೆ ಎಂಬುದು ವೆಜಿಟೇಶನ್. ಫ್ಲೋರಾ ಮತದಾರರ ಪಟ್ಟಿಯಂತೆ: ಅಲ್ಲಿ ಪ್ರತಿಯೊಬ್ಬರಿಗೂ ಒಂದೇ ಸಾಲು, ಊರಿನ ಅರ್ಧ ಜಮೀನಿನ ಒಡೆಯನಿಗೂ ಒಂದೇ, ಒಂಟಿ ಕೋಣೆಯಲ್ಲಿ ಬಾಡಿಗೆಗಿರುವವನಿಗೂ ಒಂದೇ. ನಿಮ್ಮ ಆವರಣದಲ್ಲಿ ಹುಲ್ಲೊಂದು ಮೈದಾನವನ್ನೆಲ್ಲ ಮುಚ್ಚಿರಬಹುದು, ಬಾವಿಯ ಕಲ್ಲುಸಂದಿಯಲ್ಲಿ ಜರೀಗಿಡವೊಂದು ಒಂಟಿಯಾಗಿ ಚಿಗುರಿರಬಹುದು. ಫ್ಲೋರಾದ ಲೆಕ್ಕದಲ್ಲಿ ಎರಡೂ ಸಮಾನ. ವೆಜಿಟೇಶನ್ ಅಧ್ಯಯನದಲ್ಲಿ ಆ ಜರೀಗಿಡ ಅಂಕಿಗಳಲ್ಲಿ ಕಾಣಿಸಿಕೊಳ್ಳದೆಯೂ ಹೋಗಬಹುದು.

ಈ ಎರಡನ್ನೂ ಬೇರ್ಪಡಿಸಿ ನೋಡಬೇಕೆಂದು 1849ರಷ್ಟು ಹಿಂದೆಯೇ ಜೂಲ್ಸ್ ಥರ್ಮನ್ ಎಂಬ ಸಸ್ಯಶಾಸ್ತ್ರಜ್ಞ ಹೇಳಿದ್ದ. ಏಕೆ ಬೇರ್ಪಡಿಸಬೇಕು ಎಂಬುದಕ್ಕೆ ಜಗತ್ತಿನ ಎರಡು ಭೂಭಾಗಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಸಾಕು. ಉತ್ತರ ಗೋಳಾರ್ಧದ ಉತ್ತರ ಭಾಗದಲ್ಲಿ ಕೆನಡಾದಿಂದ ಸ್ಕ್ಯಾಂಡಿನೇವಿಯಾ, ಸೈಬೀರಿಯಾದವರೆಗೆ ಸೂಚಿಪರ್ಣ ಕಾಡುಗಳ ವಲಯವಿದೆ. ಸಾವಿರಾರು ಕಿಲೋಮೀಟರ್ ಉದ್ದಕ್ಕೂ ಎತ್ತರದ ಮರಗಳು. ಆದರೆ ಆ ಮರಗಳ ಪ್ರಭೇದಗಳನ್ನು ಹೆಸರಿಸಲು ಹೊರಟರೆ ವಿಶಾಲವಾದ ಭಾಗಗಳಲ್ಲೂ ಪಟ್ಟಿ ಬೇಗನೆ ಮುಗಿಯುತ್ತದೆ. ಸ್ಪ್ರೂಸ್, ಪೈನ್, ಫರ್, ಲಾರ್ಚ್, ಬರ್ಚ್, ಮತ್ತೆ ಅವೇ. ವೆಜಿಟೇಶನ್ ಭವ್ಯ, ಫ್ಲೋರಾ ಬಡ. ಇನ್ನೊಂದು ತುದಿಯಲ್ಲಿ ದಕ್ಷಿಣ ಆಫ್ರಿಕಾದ ಕೇಪ್ ಪ್ರದೇಶವಿದೆ. ಅಲ್ಲಿಯ ‘ಫಿನ್‌ಬಾಸ್’ ಎಂಬ ಕುರುಚಲನ್ನು ದೂರದಿಂದ ನೋಡಿದವರು ಬಂಜರು ಗುಡ್ಡ ಎಂದುಕೊಂಡರೂ ಆಶ್ಚರ್ಯವಿಲ್ಲ, ಹೆಚ್ಚಿನ ಕಡೆ ಎದೆಯೆತ್ತರದ ಪೊದೆಗಳೇ. ಆದರೆ ಸುಮಾರು 90,000 ಚದರ ಕಿಲೋಮೀಟರ್ ಜಾಗದಲ್ಲಿ 9,000ದಷ್ಟು ಸಸ್ಯ ಪ್ರಭೇದಗಳಿವೆ, ಅವುಗಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಬೇರೆಲ್ಲೂ ಸಿಗುವುದಿಲ್ಲ. ಇಷ್ಟು ಚಿಕ್ಕ ಜಾಗಕ್ಕೆ ಸಸ್ಯಭೂಗೋಳದಲ್ಲಿ ತನ್ನದೇ ಆದ ಒಂದು ‘ಸಸ್ಯ ಸಾಮ್ರಾಜ್ಯ’ದ ಸ್ಥಾನ ಸಿಕ್ಕಿರುವುದು ಆ ಪಟ್ಟಿಯ ಬಲದಿಂದ, ಮರಗಳ ಎತ್ತರದಿಂದ ಅಲ್ಲ.

ಈ ವ್ಯತ್ಯಾಸ ಮರೆತಾಗ ಹಾನಿಯಾಗುವುದು ಸಸ್ಯಗಳಿಗೆ, ಅದಕ್ಕಾಗಿಯೇ ನಾನು ಇದನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ. ಉಪಗ್ರಹ ಚಿತ್ರದಲ್ಲಿ ಹಸಿರು ಹೆಚ್ಚಿದೆ ಎಂದರೆ ಎಲೆಗಳ ಹೊದಿಕೆ ಹೆಚ್ಚಿದೆ ಎಂದಷ್ಟೇ ಅರ್ಥ. ಹುಲ್ಲುಗಾವಲನ್ನು ಉತ್ತು ನೀಲಗಿರಿ ನೆಟ್ಟರೂ ಆ ಹಸಿರು ಹೆಚ್ಚುತ್ತದೆ. ಆ ಹುಲ್ಲುಗಾವಲಿನಲ್ಲಿದ್ದ ಹತ್ತಾರು ಹುಲ್ಲುಗಳು, ನೆಲದಾರ್ಕಿಡ್‌ಗಳು, ಗೆಡ್ಡೆ ಸಸ್ಯಗಳು ಹೋಗಿ ಒಂದೇ ಪ್ರಭೇದ ನಿಂತಿರುತ್ತದೆ. ವರದಿಯಲ್ಲಿ ‘ಫ್ಲೋರಾ ಸಮೃದ್ಧವಾಗಿದೆ’ ಎಂದು ಬರೆದರೆ ಅದು ಸುಳ್ಳಾಗುತ್ತದೆ. ಬರೆದವರಿಗೆ ಸುಳ್ಳು ಹೇಳುವ ಉದ್ದೇಶ ಇಲ್ಲದಿರಬಹುದು, ಪದ ಅದನ್ನು ಹೇಳಿಬಿಡುತ್ತದೆ.

ಇನ್ನು ಹೂವಿನ ವಿಷಯ. ಲ್ಯಾಟಿನ್‌ನಲ್ಲಿ ಹೂವಿಗೆ ‘ಫ್ಲೋಸ್’ ಎನ್ನುತ್ತಾರೆ. ‘ಫ್ಲೋರಾ’ ರೋಮನ್ನರ ಹೂವಿನ, ವಸಂತದ ದೇವತೆ, ಏಪ್ರಿಲ್ ಕೊನೆಯಲ್ಲಿ ಅವಳ ಹಬ್ಬ ನಡೆಯುತ್ತಿತ್ತು. ಪದದ ಬೇರಿನಲ್ಲಿ ಹೂವಿದೆ ಎಂಬುದು ನಿಜ. ಆದರೆ ಪುಸ್ತಕಗಳ ಹೆಸರಿನಲ್ಲಿ ದೇವತೆ ಬಂದು ಕುಳಿತ ಮೇಲೆ ಅವಳು ಎಲ್ಲ ಸಸ್ಯಗಳ ಪರವಾಗಿ ನಿಂತಳು. ಮಿಖಾಯಿಲ್ ಬೋಯಿಮ್ ಎಂಬ ಪೋಲೆಂಡಿನ ಪಾದ್ರಿ 1656ರಲ್ಲಿ ವಿಯೆನ್ನಾದಲ್ಲಿ ‘ಫ್ಲೋರಾ ಸಿನೆನ್ಸಿಸ್’ ಪ್ರಕಟಿಸಿದ, ಅಂದರೆ ಚೀನಾದ ಫ್ಲೋರಾ. ಅದರಲ್ಲಿ ಸಸ್ಯಗಳ ಜೊತೆಗೆ ಕೆಲವು ಪ್ರಾಣಿಗಳ ಚಿತ್ರಗಳೂ ಇವೆ! ಪದಕ್ಕೆ ಈಗಿನ ಬಿಗಿ ಬಂದದ್ದು ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್‌ನ ಕಾಲದಲ್ಲಿ. ಅವನು 1745ರಲ್ಲಿ ಸ್ವೀಡನ್ನಿನ ಸಸ್ಯಗಳಿಗೆ ‘ಫ್ಲೋರಾ ಸ್ಯೂಸಿಕಾ’ವನ್ನೂ, ಮರುವರ್ಷ ಪ್ರಾಣಿಗಳಿಗೆ ‘ಫೌನಾ ಸ್ಯೂಸಿಕಾ’ವನ್ನೂ ಬರೆದ. ಫ್ಲೋರಾ ಮತ್ತು ಫೌನಾ ಎಂಬ ಜೋಡಿ ಗಟ್ಟಿಯಾಗಿ ಬೇರೂರಿತು. ಲಿನೇಯಸ್ ತನ್ನ ಫ್ಲೋರಾಗಳಲ್ಲಿ ಜರೀಗಿಡ, ಹಾವಸೆ, ಪಾಚಿ, ಅಣಬೆಗಳಿಗೂ ಜಾಗ ಕೊಟ್ಟಿದ್ದ.

ಹಾಗಾದರೆ “ಹೂ ಬಿಡುವ ಸಸ್ಯಗಳು ಮಾತ್ರ” ಎಂಬ ಮಾತು ಎಲ್ಲಿಂದ ಬಂತು? ಫ್ಲೋರಾ ಎಂಬುದಕ್ಕೆ ಎರಡನೆಯ ಅರ್ಥವೊಂದಿದೆ: ಒಂದು ಪ್ರದೇಶದ ಸಸ್ಯಗಳನ್ನು ವಿವರಿಸುವ ಪುಸ್ತಕ. ಇಂಗ್ಲಿಷಿನಲ್ಲಿ ಈ ಅರ್ಥದಲ್ಲಿ ಅದನ್ನು ಹೆಚ್ಚಾಗಿ ದೊಡ್ಡಕ್ಷರದಿಂದ ಆರಂಭಿಸುತ್ತಾರೆ. ಇಂತಹ ಪುಸ್ತಕಗಳು ತಮ್ಮ ಶಕ್ತಿಗೆ ತಕ್ಕಂತೆ ಗಡಿ ಹಾಕಿಕೊಳ್ಳುತ್ತವೆ. ಜೋಸೆಫ್ ಹೂಕರ್ 1872ರಿಂದ 1897ರವರೆಗೆ ಏಳು ಸಂಪುಟಗಳಲ್ಲಿ ಹೊರತಂದ ಬ್ರಿಟಿಷ್ ಇಂಡಿಯಾದ ಫ್ಲೋರಾದಲ್ಲಿ ಇರುವುದು ಬೀಜ ಬಿಡುವ ಸಸ್ಯಗಳು. ಮಾರ್ಷಿಯಸ್ 1840ರಲ್ಲಿ ಆರಂಭಿಸಿದ ಬ್ರೆಜಿಲ್‌ನ ಫ್ಲೋರಾ ಮುಗಿದದ್ದು 1906ರಲ್ಲಿ. ಅಷ್ಟರಲ್ಲಿ ಅವನು ತೀರಿಕೊಂಡು ದಶಕಗಳಾಗಿದ್ದವು, ಬೇರೆಯವರು ಹೊಣೆ ಹೊತ್ತು ಪೂರ್ಣಗೊಳಿಸಿದರು. ಅದರಲ್ಲಿ 22,767 ಪ್ರಭೇದಗಳಿವೆ, ಬಹುಪಾಲು ಹೂ ಬಿಡುವವು. ಇಂತಹ ಮಹಾಗ್ರಂಥಗಳನ್ನು ಬಳಸಿ ಬೆಳೆದವರಿಗೆ ಫ್ಲೋರಾ ಎಂದರೆ ಹೂ ಬಿಡುವ ಸಸ್ಯಗಳೇ ಎನಿಸುವುದು ಸಹಜ. ಆದರೆ ಅದು ಆ ಪುಸ್ತಕಗಳ ಗಡಿ, ಪದದ ಗಡಿಯಲ್ಲ. ಜರೀಗಿಡ, ಹಾವಸೆಗಳನ್ನು ತೆಗೆಯಬೇಡಿ.

ಒಂದು ಅಪಾಯವನ್ನು ಮಾತ್ರ ಗಮನಿಸಿ. ಹಾವಸೆಗಳನ್ನು ಪ್ರಭೇದದ ಮಟ್ಟಕ್ಕೆ ಗುರುತಿಸಲು ಸೂಕ್ಷ್ಮದರ್ಶಕ ಬೇಕು, ಪಳಗಿದ ಕಣ್ಣು ಬೇಕು. ಗೋಡೆಯ ಮೇಲೆ ಕಂಡ ಮೂರು ನಾಲ್ಕನ್ನಷ್ಟೇ ಹೆಸರಿಸಿ ಉಳಿದವನ್ನು ಬಿಟ್ಟಿದ್ದರೆ, ಓದುಗರು ಇಲ್ಲಿರುವುದು ಅಷ್ಟೇ ಎಂದುಕೊಳ್ಳುತ್ತಾರೆ. ಅವುಗಳನ್ನು ಅನುಬಂಧದಲ್ಲಿ ಇರಿಸಿ, “ಹಾವಸೆಗಳ ಪಟ್ಟಿ ಅಪೂರ್ಣ” ಎಂದು ನೇರವಾಗಿ ಬರೆಯಿರಿ.

ಪಳೆಯುಳಿಕೆಗಳ ಲೋಕದಲ್ಲಿ ಈ ಪದಕ್ಕೆ ಕಾಲದ ಆಯಾಮವೂ ಸೇರುತ್ತದೆ. ನಿಮ್ಮ ವರದಿಗೆ ಇದು ನೇರವಾಗಿ ಬೇಕಿಲ್ಲ, ಆದರೂ ಮಕ್ಕಳಿಗೆ ಹೇಳಲೇಬೇಕಾದ ಸಂಗತಿ. ಇಪ್ಪತ್ತೈದು ಕೋಟಿ ವರ್ಷಗಳಿಗೂ ಹಿಂದಿನ ಪರ್ಮಿಯನ್ ಯುಗದ ಗ್ಲಾಸೊಪ್ಟೆರಿಸ್ ಫ್ಲೋರಾ ಎಂಬುದೊಂದಿದೆ, ನಾಲಗೆಯಾಕಾರದ ಎಲೆಯ ಸಸ್ಯಗಳದ್ದು. ಅದರ ಪಳೆಯುಳಿಕೆಗಳು ಭಾರತ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ, ದಕ್ಷಿಣ ಅಮೆರಿಕಗಳಲ್ಲಿ ಸಿಗುತ್ತವೆ. 1912ರಲ್ಲಿ ದಕ್ಷಿಣ ಧ್ರುವದಿಂದ ಮರಳುವಾಗ ಮಡಿದ ಕ್ಯಾಪ್ಟನ್ ಸ್ಕಾಟ್ ಮತ್ತು ಸಂಗಡಿಗರ ಬಳಿ ಸುಮಾರು 16 ಕಿಲೋ ಕಲ್ಲುಗಳು ಸಿಕ್ಕವು. ಸಾಯುವ ಸ್ಥಿತಿಯಲ್ಲೂ ಅವರು ಎಸೆಯದೆ ಎಳೆದು ತಂದಿದ್ದ ಆ ಕಲ್ಲುಗಳಲ್ಲಿ ಗ್ಲಾಸೊಪ್ಟೆರಿಸ್ ಎಲೆಗಳ ಅಚ್ಚುಗಳಿದ್ದವು. ಸಮುದ್ರಗಳು ಬೇರ್ಪಡಿಸಿದ ಇಷ್ಟು ಭೂಖಂಡಗಳಲ್ಲಿ ಒಂದೇ ಫ್ಲೋರಾ ಇದ್ದದ್ದು, ಅವೆಲ್ಲ ಒಂದು ಕಾಲಕ್ಕೆ ಕೂಡಿಕೊಂಡಿದ್ದವು ಎಂಬುದಕ್ಕೆ ದೊಡ್ಡ ಸಾಕ್ಷಿಯಾಯಿತು. ಇದನ್ನು ಹೇಳಿಕೊಟ್ಟದ್ದು ಅಲ್ಲಿದ್ದ ಸಸ್ಯಗಳ ಹೆಸರುಗಳು.

ಏಕವಚನವೋ ಬಹುವಚನವೋ ಎಂಬುದಕ್ಕೆ ಉತ್ತರ ಚಿಕ್ಕದು. ‘ಡೇಟಾ’, ‘ಬ್ಯಾಕ್ಟೀರಿಯಾ’ ಲ್ಯಾಟಿನ್‌ನಲ್ಲಿ ಬಹುವಚನಗಳಾದ್ದರಿಂದ ಫ್ಲೋರಾ ಕೂಡ ಹಾಗೆಯೇ ಎಂದು ಹಲವರು ಭಾವಿಸುತ್ತಾರೆ. ಅಲ್ಲ, ಅದು ಏಕವಚನ. ಒಂದು ಪ್ರದೇಶದ್ದು ಫ್ಲೋರಾ, ಹಲವು ಪ್ರದೇಶಗಳದ್ದು ಫ್ಲೋರಾಸ್. ಬಿಡಿ ಗಿಡವನ್ನು ಫ್ಲೋರಾ ಎನ್ನುವಂತಿಲ್ಲ. “ಆವರಣದಲ್ಲಿ ಐವತ್ತು ಫ್ಲೋರಾಗಳಿವೆ” ಎಂಬ ವಾಕ್ಯ ನಿಮ್ಮ ವರದಿಯಲ್ಲಿದ್ದರೆ “ಐವತ್ತು ಪ್ರಭೇದಗಳಿವೆ” ಎಂದು ತಿದ್ದಿ. ‘ಫ್ಲೋರಲ್ ಡೈವರ್ಸಿಟಿ’ ಎಂಬ ಪ್ರಯೋಗವನ್ನೂ ಹುಡುಕಿ ನೋಡಿ. ಫ್ಲೋರಲ್ ಎಂದೊಡನೆ ಓದುಗರ ಮನಸ್ಸು ಹೂವಿನ ಕಡೆಗೆ, ಹೂವಿನ ಆಕಾರ ಬಣ್ಣಗಳ ವೈವಿಧ್ಯದ ಕಡೆಗೆ ಹೋಗುತ್ತದೆ. ಸಸ್ಯ ಪ್ರಭೇದಗಳ ವೈವಿಧ್ಯ ಹೇಳಬೇಕಾದಾಗ ‘ಫ್ಲೋರಿಸ್ಟಿಕ್’ ಎಂಬುದು ನಿಖರ.

ಅಣಬೆಗಳ ಪ್ರಶ್ನೆಗೂ ಗಂಟಲಿನ ‘ನಾರ್ಮಲ್ ಫ್ಲೋರಾ’ಕ್ಕೂ ಮೂಲ ಒಂದೇ. ಲಿನೇಯಸ್‌ನ ಕಾಲದಲ್ಲಿ ಜೀವಲೋಕಕ್ಕೆ ಎರಡೇ ಸಾಮ್ರಾಜ್ಯಗಳು, ಸಸ್ಯ ಮತ್ತು ಪ್ರಾಣಿ. ಓಡಾಡದ್ದು, ಬಾಯಿಯಿಲ್ಲದ್ದು ಎಲ್ಲವೂ ಸಸ್ಯದ ಕಡೆಗೆ ಬಿದ್ದಿತು. ಶಿಲೀಂಧ್ರಗಳು ಹಾಗೆ ಬಿದ್ದವು. 1857ರಲ್ಲಿ ನೇಗೆಲಿ ಎಂಬ ಸಸ್ಯಶಾಸ್ತ್ರಜ್ಞ ಬ್ಯಾಕ್ಟೀರಿಯಾಗಳಿಗೆ ಇಟ್ಟ ‘ಸ್ಕೈಜೋಮೈಸೀಟ್ಸ್’ ಎಂಬ ಹೆಸರಿನ ಅರ್ಥವೇ ‘ಸೀಳಿ ವೃದ್ಧಿಸುವ ಶಿಲೀಂಧ್ರಗಳು’. ಬ್ಯಾಕ್ಟೀರಿಯಾಗಳನ್ನು ಸಸ್ಯಶಾಸ್ತ್ರಜ್ಞರೇ ಅಧ್ಯಯನ ಮಾಡುತ್ತಿದ್ದ ಕಾಲದಲ್ಲಿ ಕರುಳು, ಬಾಯಿ, ಚರ್ಮಗಳಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳನ್ನು ಆ ಅಂಗಗಳ ಫ್ಲೋರಾ ಎಂದು ಕರೆದದ್ದು ತೀರ ಸಹಜವಾಗಿತ್ತು. ಮುಂದೆ ವರ್ಗೀಕರಣ ಬದಲಾಯಿತು. 1969ರಲ್ಲಿ ವಿಟೇಕರ್ ಐದು ಸಾಮ್ರಾಜ್ಯಗಳ ವ್ಯವಸ್ಥೆ ಮಂಡಿಸಿ ಶಿಲೀಂಧ್ರಗಳಿಗೂ ಬ್ಯಾಕ್ಟೀರಿಯಾಗಳಿಗೂ ಪ್ರತ್ಯೇಕ ಸ್ಥಾನ ಕೊಟ್ಟ. ಪ್ರಯೋಗಾಲಯದ ಮಾತಿನಲ್ಲಿ ಹಳೆಯ ಪದ ಹಾಗೆಯೇ ಉಳಿಯಿತು.

ನಿಮ್ಮ ಮನೆಯವರ ವರದಿಯಲ್ಲಿರುವುದು ಆ ಹಳೆಯ ಪದವೇ. ಗಂಟಲಿನಿಂದ ತೆಗೆದ ಮಾದರಿಯನ್ನು ಪ್ರಯೋಗಾಲಯದಲ್ಲಿ ಬೆಳೆಯಲು ಬಿಟ್ಟಾಗ ಅಲ್ಲಿ ಸಹಜವಾಗಿ ಇರುವ ಬ್ಯಾಕ್ಟೀರಿಯಾಗಳು ಬೆಳೆದವು, ಹುಡುಕುತ್ತಿದ್ದ ರೋಗಕಾರಕ ಬೆಳೆಯಲಿಲ್ಲ ಎಂಬುದು ಅದರ ತಾತ್ಪರ್ಯ. ಗಂಟಲಿನಲ್ಲಿ ಗಿಡ ಹುಟ್ಟಿದೆ ಎಂದಲ್ಲ, ಸೋಂಕಿದೆ ಎಂದೂ ಅಲ್ಲ. ಉಳಿದದ್ದನ್ನು ವೈದ್ಯರು ಲಕ್ಷಣಗಳ ಜೊತೆಗಿಟ್ಟು ಓದುತ್ತಾರೆ. ಹೊಸ ವೈಜ್ಞಾನಿಕ ಬರಹದಲ್ಲಿ ಇದಕ್ಕೆ ‘ಮೈಕ್ರೋಬಯೋಟಾ’ ಎನ್ನುವುದು ರೂಢಿ. ಕನ್ನಡದಲ್ಲಿ ಬರೆಯುವಾಗ ದಯವಿಟ್ಟು ‘ಕರುಳಿನ ಸಸ್ಯಸಂಪತ್ತು’ ಎಂದು ಬರೆಯಬೇಡಿ. ‘ಕರುಳಿನ ಸೂಕ್ಷ್ಮಜೀವಿ ಸಮುದಾಯ’ ಎಂದರೆ ಓದಿದವರಿಗೆ ವಿಷಯವೂ ತಿಳಿಯುತ್ತದೆ, ತಪ್ಪು ಕಲ್ಪನೆಯೂ ಹುಟ್ಟುವುದಿಲ್ಲ.

ಅಣಬೆಗಳಿಗೂ ಇದೇ ನ್ಯಾಯ. ಅವು ಸಸ್ಯಗಳಲ್ಲ. ವಂಶವೃಕ್ಷದಲ್ಲಿ ಅವು ಸಸ್ಯಗಳಿಗಿಂತ ಪ್ರಾಣಿಗಳಿಗೇ ಹತ್ತಿರ. ಒಂದು ಪ್ರದೇಶದ ಶಿಲೀಂಧ್ರಗಳನ್ನು ಒಟ್ಟಾಗಿ ಕರೆಯಲು ಈಚೆಗೆ ‘ಫಂಗಾ’ ಎಂಬ ಪದ ಚಲಾವಣೆಗೆ ಬಂದಿದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಪ್ರಭೇದ ಉಳಿವಿನ ಆಯೋಗ 2021ರಲ್ಲಿ ಫೌನಾ, ಫ್ಲೋರಾ, ಫಂಗಾ ಎಂದು ಮೂರನ್ನೂ ಹೇಳುವ ಪದ್ಧತಿಯನ್ನು ಬೆಂಬಲಿಸಿತು. ನನಗೆ ಈ ಬದಲಾವಣೆ ಬಹಳ ಇಷ್ಟವಾಗಿದೆ. ಹೆಸರಿಲ್ಲದ ಗುಂಪನ್ನು ಕಾಯ್ದೆ, ಯೋಜನೆಗಳಲ್ಲಿ ಸುಲಭವಾಗಿ ಮರೆತುಬಿಡುತ್ತಾರೆ. ನಿಮ್ಮ ಅಣಬೆಗಳನ್ನು ಬೇರೆ ಅಧ್ಯಾಯಕ್ಕೆ ಸಾಗಿಸಿ. ಕಲ್ಲುಹೂವುಗಳನ್ನು ಸೇರಿಸಿದ್ದರೆ ಅವೂ ಅಲ್ಲಿಗೇ ಹೋಗಲಿ. ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಅವುಗಳಿಗೆ ಇಟ್ಟ ವೈಜ್ಞಾನಿಕ ಹೆಸರು ಶಿಲೀಂಧ್ರಕ್ಕೇ ಸೇರಿದ್ದು.

ಕನ್ನಡ ಪದದ ಬಗ್ಗೆ ನನ್ನ ಅಭಿಪ್ರಾಯ ಹೀಗಿದೆ. ಶಾಲೆಯ ಭೂಗೋಳ ಪಾಠಗಳಲ್ಲಿ ನ್ಯಾಚುರಲ್ ವೆಜಿಟೇಶನ್ ಎಂಬುದಕ್ಕೆ ‘ಸ್ವಾಭಾವಿಕ ಸಸ್ಯವರ್ಗ’ ಎಂಬುದು ನಿಂತುಬಿಟ್ಟಿದೆ. ಅದೇ ಪದವನ್ನು ಫ್ಲೋರಾಕ್ಕೂ ಬಳಸಿದರೆ, ಈಗಷ್ಟೇ ಬಿಡಿಸಿದ ಗಂಟನ್ನು ಮತ್ತೆ ಕಟ್ಟಿದಂತಾಗುತ್ತದೆ. ಸಾಲದ್ದಕ್ಕೆ ವರ್ಗೀಕರಣದಲ್ಲಿ ‘ವರ್ಗ’ ಎಂಬುದಕ್ಕೆ ಬೇರೆಯೇ ಅರ್ಥವಿದೆ. ಫ್ಲೋರಾಕ್ಕೆ ‘ಸಸ್ಯಸಂಪತ್ತು’ ಬಹುಕಾಲದಿಂದ ಬಳಕೆಯಲ್ಲಿದೆ, ಅದನ್ನೇ ಇಟ್ಟುಕೊಳ್ಳಿ. ಅದರ ಕೊರತೆಯೂ ಗೊತ್ತಿರಲಿ: ಸಂಪತ್ತು ಎಂದೊಡನೆ ಬೆಲೆ, ಉಪಯೋಗ ಎಂಬ ಛಾಯೆ ಬರುತ್ತದೆ, ಕಾಂಗ್ರೆಸ್ ಗಿಡವನ್ನು ಸಂಪತ್ತು ಎನ್ನಲು ಯಾರಿಗೂ ಮನಸ್ಸಾಗದು. ವೈಜ್ಞಾನಿಕ ಭಾಗಗಳಲ್ಲಿ ‘ಸಸ್ಯ ಪ್ರಭೇದಗಳು’ ಎಂದು ಬಿಡಿಸಿ ಹೇಳುವುದೇ ಸುರಕ್ಷಿತ. ವೆಜಿಟೇಶನ್‌ಗೆ ‘ಸಸ್ಯ ಹೊದಿಕೆ’ ನನಗೆ ಹಿಡಿಸುತ್ತದೆ, ಅದರಲ್ಲಿ ನೆಲ ಮುಚ್ಚುವ ಅರ್ಥ ತಾನಾಗಿಯೇ ಬರುತ್ತದೆ.

ಈಗ ನಿಮ್ಮ ಮುಖಪುಟ. ‘ವೆಜಿಟೇಶನ್’ ಎಂದು ಬದಲಿಸುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ. ಆ ಹೆಸರು ಇಡಬೇಕಾದರೆ ಚೌಕಗಳನ್ನು ಹಾಕಿ ಎಣಿಸಿರಬೇಕು: ಮರಗಳಿಗೆ ಸಾಮಾನ್ಯವಾಗಿ ಹತ್ತು ಮೀಟರ್ ಬದಿಯದು, ಪೊದೆಗಳಿಗೆ ಐದು, ಮೂಲಿಕೆಗಳಿಗೆ ಒಂದು. ಎದೆಮಟ್ಟದಲ್ಲಿ ಕಾಂಡದ ಸುತ್ತಳತೆ, ಪ್ರಭೇದವಾರು ಸಾಂದ್ರತೆ, ಹೊದಿಕೆಯ ಪ್ರಮಾಣ ಇವೆಲ್ಲ ಬೇಕು. ನೀವು ಮಾಡಿದ್ದು ಗುರುತಿಸುವ ಕೆಲಸ, ಅಳೆಯುವ ಕೆಲಸವಲ್ಲ.

‘ಫ್ಲೋರಾ’ ಎಂದೇ ಉಳಿಸಿಕೊಳ್ಳುವುದು ಎರಡನೆಯ ದಾರಿ. ಪುಸ್ತಕದ ಅರ್ಥದಲ್ಲಿ ಆ ಹೆಸರು ಭಾರವಾದದ್ದು. ಪ್ರತಿ ಪ್ರಭೇದಕ್ಕೂ ವಿವರಣೆ ಇರಬೇಕು. ಕೈಯಲ್ಲಿ ಗಿಡ ಹಿಡಿದವರು ಲಕ್ಷಣಗಳನ್ನು ಹೋಲಿಸುತ್ತಾ ಹೆಸರು ಮುಟ್ಟಲು ಗುರುತಿಸುವ ಕೀಲಿ ಇರಬೇಕು. ಎರಡೆರಡು ಆಯ್ಕೆಗಳ ಇಂತಹ ಕೀಲಿಯನ್ನು ಜನಪ್ರಿಯಗೊಳಿಸಿದ್ದು 1778ರ ಫ್ರಾನ್ಸಿನ ಫ್ಲೋರಾದಲ್ಲಿ ಲಾಮಾರ್ಕ್. ಎಲ್ಲಕ್ಕಿಂತ ಮುಖ್ಯವಾಗಿ, ಒಣಗಿಸಿ ಹಾಳೆಗೆ ಅಂಟಿಸಿ ಸಂಖ್ಯೆ ಕೊಟ್ಟ ಮಾದರಿಗಳು ಹರ್ಬೇರಿಯಂನಲ್ಲಿರಬೇಕು. ಮೊಬೈಲ್ ಚಿತ್ರದಲ್ಲಿ ಎಲೆಯ ಹಿಂಬದಿಯ ರೋಮ ಕಾಣುವುದಿಲ್ಲ, ಹುಲ್ಲಿನ ತೆನೆಯ ಒಳರಚನೆ ಕಾಣುವುದಿಲ್ಲ. ನಾಳೆ ಯಾರಾದರೂ ನಿಮ್ಮ ಗುರುತಿಸುವಿಕೆಯನ್ನು ಪ್ರಶ್ನಿಸಿದರೆ ಉತ್ತರ ಕೊಡಬಲ್ಲದ್ದು ಆ ಹಾಳೆ ಮಾತ್ರ.

ಮೂರನೆಯ ದಾರಿ ‘ಚೆಕ್‌ಲಿಸ್ಟ್’, ಸಸ್ಯ ಪ್ರಭೇದಗಳ ಪಟ್ಟಿ. ನನ್ನ ಆಯ್ಕೆ ಇದೇ. ಇದರಲ್ಲಿ ಅವಮಾನವೇನೂ ಇಲ್ಲ. ಚೊಕ್ಕವಾದ ಪಟ್ಟಿಯೊಂದು ಸಡಿಲವಾದ ಫ್ಲೋರಾಕ್ಕಿಂತ ಹೆಚ್ಚು ಕಾಲ ಬಳಕೆಯಲ್ಲಿರುತ್ತದೆ. ಪಟ್ಟಿಗೂ ಅದರದೇ ಅಪಾಯಗಳಿವೆ. ಒಂದೇ ಗಿಡ ಎರಡು ಹೆಸರಲ್ಲಿ ನುಸುಳುವುದು ಅವುಗಳಲ್ಲಿ ಮುಖ್ಯವಾದದ್ದು. ಕರಿಜಾಲಿಗೆ ಹಳೆಯ ಪುಸ್ತಕಗಳಲ್ಲಿ ಅಕೇಶಿಯ ನಿಲೋಟಿಕ ಎಂದಿದೆ, ಈಗಿನ ಹೆಸರು ವಚೇಲಿಯ ನಿಲೋಟಿಕ. ಒಬ್ಬ ವಿದ್ಯಾರ್ಥಿ ಹಳೆಯ ಪುಸ್ತಕ ನೋಡಿ, ಇನ್ನೊಬ್ಬ ಹೊಸ ಜಾಲತಾಣ ನೋಡಿ ಬರೆದಿದ್ದರೆ ನಿಮ್ಮ ಆವರಣದಲ್ಲಿ ಇಲ್ಲದ ಮರವೊಂದು ಪಟ್ಟಿಯಲ್ಲಿ ಹುಟ್ಟಿಕೊಂಡಿರುತ್ತದೆ. ಕ್ಯೂ ಸಸ್ಯೋದ್ಯಾನದ ‘ಪ್ಲಾಂಟ್ಸ್ ಆಫ್ ದಿ ವರ್ಲ್ಡ್ ಆನ್‌ಲೈನ್’ ತಾಣದಲ್ಲಿ ಪ್ರತಿ ಹೆಸರನ್ನೂ ಒಮ್ಮೆ ಹಾಕಿ ನೋಡಿ, ಇಂತಹ ಜೋಡಿಗಳು ಸಿಕ್ಕಿಬೀಳುತ್ತವೆ.

ನೆಟ್ಟದ್ದು ಯಾವುದು, ತಾನಾಗಿ ಬಂದದ್ದು ಯಾವುದು ಎಂಬುದನ್ನೂ ಪ್ರತ್ಯೇಕಿಸಿ. ಗುಲ್‌ಮೊಹರ್ ಮಡಗಾಸ್ಕರ್‌ನದು. ನೀವು ನೆಟ್ಟಿದ್ದರಿಂದ ಅಲ್ಲಿದೆ. ಲಂಟಾನವೂ ಅಮೆರಿಕದ ಉಷ್ಣವಲಯದಿಂದ ಬಂದದ್ದೇ, ಆದರೆ ಅದು ಯಾರ ಹಂಗೂ ಇಲ್ಲದೆ ಬೀಜ ಬಿಟ್ಟು ಹರಡುತ್ತದೆ. ಮೊದಲನೆಯದನ್ನು ಹೆಚ್ಚಿನ ಫ್ಲೋರಾಗಳು ಬಿಟ್ಟುಬಿಡುತ್ತವೆ ಅಥವಾ ಚಿಹ್ನೆ ಹಾಕಿ ಸೇರಿಸುತ್ತವೆ. ಎರಡನೆಯದನ್ನು ‘ಹೊರಗಿನಿಂದ ಬಂದು ನೆಲೆಯೂರಿದ್ದು’ ಎಂದು ಸೇರಿಸುತ್ತವೆ. ನಿಮ್ಮ ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ದೇಸಿ, ನೆಲೆಯೂರಿದ್ದು, ನೆಟ್ಟದ್ದು ಎಂದು ತೋರಿಸುವ ಒಂದು ಕಾಲಂ ಇರಲಿ. ಆವರಣದಲ್ಲಿ ನೂರು ಪ್ರಭೇದಗಳಿವೆ ಎಂದು ಹೇಳಿ ಅರ್ಧದಷ್ಟು ಕುಂಡದ ಗಿಡಗಳಾಗಿದ್ದರೆ ಆ ನೂರಕ್ಕೆ ಅರ್ಥವಿಲ್ಲ.

ಕೊನೆಗೆ ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದ ಮಾತು: ನೀವು ನೋಡಿದ್ದು ಮಳೆಗಾಲದಲ್ಲಿ ಮಾತ್ರ. ಮಳೆಗೆ ಹುಟ್ಟಿ ಮಳೆಯೊಂದಿಗೆ ಮುಗಿಯುವ ಮೂಲಿಕೆಗಳೆಲ್ಲ ನಿಮಗೆ ಸಿಕ್ಕಿರುತ್ತವೆ, ಅದು ಒಳ್ಳೆಯದೇ. ಆದರೆ ಎಲೆಯುದುರಿಸಿ ಬೇಸಿಗೆಯಲ್ಲಿ ಹೂ ಬಿಡುವ ಮರಗಳನ್ನು ನೀವು ಎಲೆಯಿಂದಷ್ಟೇ ಗುರುತಿಸಿದ್ದೀರಿ, ಚಳಿಗಾಲದಲ್ಲಿ ತೆನೆ ಕಟ್ಟುವ ಹುಲ್ಲುಗಳು ಹೆಸರಿಲ್ಲದೆ ಉಳಿದಿರಬಹುದು. ಜನವರಿಯಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಒಮ್ಮೆ ಅದೇ ದಾರಿಯಲ್ಲಿ ಮಕ್ಕಳೊಂದಿಗೆ ನಡೆಯಿರಿ, ಸಂದೇಹದ ಪ್ರಭೇದಗಳಿಂದ ಹೂವಿನ ಸಮೇತ ಮಾದರಿ ತೆಗೆಯಿರಿ. ಅಲ್ಲಿಯವರೆಗೆ ಕಾಯಲಾಗದೆ ಈಗಲೇ ಪ್ರಕಟಿಸಬೇಕಿದ್ದರೆ ಶೀರ್ಷಿಕೆಯ ಕೆಳಗೆ ಸಮೀಕ್ಷೆ ನಡೆದ ತಿಂಗಳುಗಳನ್ನೂ ವರ್ಷವನ್ನೂ ಕಾಣುವಂತೆ ಮುದ್ರಿಸಿ.